ಸುವರ್ಣಮ್ಮನ ಮನೆಯ ರಕ್ತ

ಕೊಟ್ರೇಶನ ಬಾಯಿಂದ ಹಾರಿದ ಹೋಳಿಗೆಯ ತುಂಡು ಪಕ್ಕದವರ ಎಲೆಗೆ ಹೋಗಿ, ಸರಿಯಾಗಿ ತುಪ್ಪದ ನಡುವೆ ಬಿತ್ತು. ಅವನು ಉಗುಳಿರಲಿಲ್ಲ. ಬಾಯೊಳಗಿನ ತುತ್ತನ್ನು ಅವನ ನಾಲಿಗೆಯೇ, ಯಾರದೋ ಮಾತು ಕೇಳಿದಂತೆ, ಹೊರಕ್ಕೆ ತಳ್ಳಿತ್ತು. ಆದರೆ ಅದನ್ನು ಯಾರಿಗೆ ಹೇಳುವುದು? ಪಂಕ್ತಿಯಲ್ಲಿ ಕುಳಿತಿದ್ದವರು ಅವನ ಅಕ್ಕ ಪಂಪಾವತಿಯ ಗಂಡನ ಕಡೆಯವರು. ಪಂಪಾವತಿಯ ಮಗಳು ಸ್ಫೂರ್ತಿಯನ್ನು ಕೊಟ್ರೇಶನ ತಮ್ಮ ಮಲ್ಲೇಶನಿಗೆ ಕೊಡುವ ಮಾತುಕತೆಗೆಂದು ಬಂದವರು. ಎಲೆಯ ಯಜಮಾನರು ಕೈ ಹಿಂದಕ್ಕೆ ಎಳೆದುಕೊಂಡರು. ಪಾಯಸ ಬಡಿಸುತ್ತಿದ್ದ ಶಶಿಕಲಾ ಸೌಟು ಹಿಡಿದೇ ನಿಂತುಬಿಟ್ಟಳು.

"ಎಬ್ಬಿಸ್ಕೊಂಡು ಹೋಗು ನಿನ್ನ ಗಂಡನ್ನ," ಅಂದಳು ಅತ್ತೆ ಸುವರ್ಣಮ್ಮ, ದನಿ ಏರಿಸದೆ. "ಹಿತ್ತಲಾಗ ಕುಂದ್ರಿಸಿ ಹಾಕು. ಅಲ್ಲಿ ನೋಡೋರು ಯಾರೂ ಇರಂಗಿಲ್ಲ."

"ನಮ್ಮಣ್ಣ ಮುಂಜಾನೆನೇ ಏರಿಸ್ಯಾನ ಬಿಡ್ರಿ," ಎಂದು ಮಲ್ಲೇಶ ಬಂದವರಿಗೆ ಸಮಾಧಾನ ಹೇಳಿದ. "ಮಾಲು ಎಲ್ಲಿ ಮುಚ್ಚಿಡ್ತಾನೋ, ನಮಗ ಇನ್ನೂ ಸಿಕ್ಕಿಲ್ಲ ನೋಡ್ರಿ."

ಎಲ್ಲರೂ ನಕ್ಕರು. ನಕ್ಕದ್ದರಿಂದ ಹೋಳಿಗೆಯ ಅಸಹ್ಯ ಕರಗಿತು, ಊಟ ಮುಂದುವರಿಯಿತು. ಕೊಟ್ರೇಶ ಏಳಲು ಹೋಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದ. ಭುಜ ಒಂದು ಕಡೆ ಕುಣಿಯಿತು, ಹುಬ್ಬು ಇನ್ನೊಂದು ಕಡೆ. ಜೀವಮಾನದಲ್ಲಿ ಒಂದು ಗುಟುಕು ಕುಡಿದವನಲ್ಲ ಅವನು... ಶಶಿಕಲಾ ಅವನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಬೆನ್ನ ಹಿಂದೆಯೇ ಸ್ಫೂರ್ತಿ ಚಮಚ ಹಿಡಿದು ಓಡಿ ಬಂದಳು.

"ತಲಿ ಹಿಂದಕ್ಕ ಮಾಡ್ರಿ ಮಾಮ. ಹಾಂ, ಹಂಗ. ಗಂಟಲಿಗೇ ಬಿಡ್ತೀನಿ, ನಾಲಿಗಿಗೆ ಗೊತ್ತಾಗಬಾರ್ದು," ಎಂದು ಪಾಯಸ ಹಾಕಿ, ಶಶಿಕಲಾಳ ಕಡೆ ತಿರುಗಿದಳು. "ಅತ್ತಿ, ನೀವು ಅಳಬ್ಯಾಡ್ರಿ. ನಾನು ಈ ಮನಿಗೆ ಬರ್ಲಿ ತಡೀರಿ. ಇಬ್ರೂ ಸೇರಿ ಅಜ್ಜಿನ್ನ ನೋಡ್ಕೊಳ್ಳೋಣಂತ."

ಆ ಮನೆಯಲ್ಲಿ ಶಶಿಕಲಾಳನ್ನು ಮನುಷ್ಯಳೆಂದು ಮಾತಾಡಿಸುತ್ತಿದ್ದವಳು ಇವಳೊಬ್ಬಳೇ. ಬಿ.ಕಾಂ. ಕಡೆಯ ವರ್ಷದ ಹುಡುಗಿ. ರಜೆ ಸಿಕ್ಕರೆ ಸಾಕು, ಅಜ್ಜಿಯ ಮನೆ ಎಂಬ ನೆಪದಲ್ಲಿ ಶಶಿಕಲಾಳ ಪಕ್ಕ ಬಂದು ಮಲಗುತ್ತಿದ್ದಳು.

ಅದು ಚೀನಾದವರು ಸಂಡೂರಿನ ಗುಡ್ಡಗಳನ್ನು ಮಣ್ಣಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಾಲ. ನಿನ್ನೆ ತನಕ ಲಾರಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದವರು ಇವತ್ತು ಹೊಸಪೇಟೆಯಲ್ಲಿ ಬಂಗಲೆ ಎಬ್ಬಿಸಿ, ಕಾಂಪೌಂಡಿನ ಕಂಬಗಳ ಮೇಲೆ ಸಿಮೆಂಟಿನ ಸಿಂಹ ಕೂರಿಸುತ್ತಿದ್ದರು. ಸುವರ್ಣಮ್ಮನ ಮನೆಯ ಸಿಂಹಗಳಿಗೆ ಬಂಗಾರದ ಬಣ್ಣ ಬಳಿಸಿದ್ದರು. ವಾರ ಕಳೆಯುವಷ್ಟರಲ್ಲಿ ಅದಿರಿನ ಕೆಂಪು ದೂಳು ಕೂತು ಅವು ತುಕ್ಕು ಹಿಡಿದ ನಾಯಿಗಳಂತೆ ಕಾಣುತ್ತಿದ್ದವು. ಒಳಗೆ ಸೋಫಾಗಳಿಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ತೆಗೆದಿರಲಿಲ್ಲ. ಕುಳಿತವರ ತೊಡೆಗೆ ಅದು ಅಂಟಿಕೊಳ್ಳುತ್ತಿತ್ತು, ಏಳುವಾಗ ಚರ್ ಎಂದು ಸದ್ದು ಮಾಡುತ್ತಿತ್ತು. ಗೋಡೆಯ ತುಂಬ ಫೋಟೊ: ಟಿಪ್ಪರುಗಳ ಮುಂದೆ ಮಲ್ಲೇಶ, ಟಿಪ್ಪರಿನ ಮೇಲೆ ಮಲ್ಲೇಶ, ಟಿಪ್ಪರಿಗೆ ಕುಂಬಳಕಾಯಿ ಒಡೆಯುತ್ತಿರುವ ಮಲ್ಲೇಶ. ಇಷ್ಟನ್ನೆಲ್ಲ ಶುರು ಮಾಡಿದ, ಸುವರ್ಣಮ್ಮನ ಗಂಡ ಮರಿಸ್ವಾಮಿ ತೀರಿಹೋಗಿದ್ದರು. ಅವರದೊಂದೇ ಫೋಟೊ, ಅದೂ ಪೂಜೆಯ ಕೋಣೆಯಲ್ಲಿ.

ಈ ಮನೆಯ ದೊಡ್ಡಸ್ತಿಕೆ ದುಡ್ಡಿಗಿಂತ ಹಳೆಯದು ಎಂದು ಸುವರ್ಣಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮದು ಒಳಗಿನ ರಕ್ತ ರೀ. ನಮ್ಮವ್ವನ ಖಾಸಾ ತಮ್ಮಗ ನನ್ನ ಕೊಟ್ರು. ಮನಿ ಹುಡುಗಿ ಮನಿಯಾಗೇ ಉಳೀತು." ಗಂಡನನ್ನು ಅವಳು ಕಡೆಯ ದಿನದ ತನಕ "ಮಾಮ" ಎಂದೇ ಕರೆದಳು. ಹಿರಿಯ ಮಗನ ಮದುವೆಯ ಹೊತ್ತಿಗೆ ಮೊಮ್ಮಗಳು ಸ್ಫೂರ್ತಿ ಇನ್ನೂ ಲಂಗದ ಹುಡುಗಿ. ಅದಕ್ಕೇ ಬೇರೆ ದಾರಿಯಿಲ್ಲದೆ ಕಂಪ್ಲಿಯ ರೈಸ್‌ಮಿಲ್ ಗುಮಾಸ್ತರ ಮಗಳು, ಕಾಲೇಜು ಓದಿದ ಶಶಿಕಲಾಳನ್ನು ತಂದುಕೊಂಡರು. ತಂದ ದಿನದಿಂದ ಅವಳ ಹೆಸರು "ಹೊರಗಿನಾಕಿ". ಸಾರಿಗೆ ಉಪ್ಪು ಹೆಚ್ಚಾದರೆ ಹೊರಗಿನಾಕಿಯ ಕೈ. ಟಿಪ್ಪರು ಪಲ್ಟಿಯಾದರೆ ಹೊರಗಿನಾಕಿಯ ಕಾಲ್ಗುಣ. ಮದುವೆಯಾದ ಕೆಲವು ವರ್ಷಕ್ಕೆ ಕೊಟ್ರೇಶನ ಕೈಕಾಲು ಅವನ ಮಾತು ಕೇಳುವುದನ್ನು ಬಿಟ್ಟಾಗ, ಸುವರ್ಣಮ್ಮ ಯಾವ ಆಲೋಚನೆಯೂ ಇಲ್ಲದೆ ಉತ್ತರ ಹೇಳಿಬಿಟ್ಟಿದ್ದಳು: ಈಕೆಯ ಕಾಟಕ್ಕೆ ಕುಡಿಯುತ್ತಾನೆ.

ಡಾಕ್ಟರುಗಳಿಗೆ ತೋರಿಸಲಿಲ್ಲ ಎಂದಲ್ಲ. ಹೊಸಪೇಟೆಯಲ್ಲಿ ತೋರಿಸಿದರು, ಬಳ್ಳಾರಿಯಲ್ಲಿ ತೋರಿಸಿದರು. ಎರಡೂ ಕಡೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಸಂಬಂಧದಾಗ ಆಗಿರೋ ಮದುವಿ ಏನ್ರಿ?" ಎರಡೂ ಕಡೆ ಸುವರ್ಣಮ್ಮ ಸೊಸೆಯನ್ನು ಕಾಲಿಂದ ತಲೆಯ ತನಕ ನೋಡಿ, "ಥೂ, ಇಲ್ರಿ. ಇಕಿ ಹೊರಗಿನಾಕಿ," ಎಂದಳು. ಡಾಕ್ಟರು ಚೀಟಿಯ ಮೇಲೆ ಅಡ್ಡಗೆರೆ ಎಳೆದು, ಕುಡಿತ ಬಿಡಿಸಲು ಬುದ್ಧಿ ಹೇಳಿ ಕಳಿಸಿದರು. ಯಾರ ಮದುವೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹೀಗೆ ವರ್ಷಗಟ್ಟಲೆ ಒಂದು ಮನೆಯ ಜಂಬವೇ ಆ ಮನೆಯ ಮಗನ ರೋಗವನ್ನು ಮುಚ್ಚಿಟ್ಟುಕೊಂಡಿತ್ತು.

ಮಾತುಕತೆಯಾದ ಮೇಲಿನ ವಾರ ಕೊಟ್ರೇಶ ನಲ್ಲಿಯ ಹತ್ತಿರ ಬಿದ್ದು, ಕಣ್ಣುಗುಡ್ಡೆ ಮೇಲೆ ಮಾಡಿ ಒದ್ದಾಡಿದ. ನಾಲಿಗೆ ಕಚ್ಚಿಕೊಂಡಿದ್ದರಿಂದ ಬಾಯಿ ತುಂಬ ರಕ್ತ. ಈ ಸಲ ಹೊಸಪೇಟೆಯ ಡಾಕ್ಟರೇ ಹೆದರಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಹೂ ಮುಡಿಸುವ ಶಾಸ್ತ್ರಕ್ಕೆ ಸೀರೆ ತರುವುದಿದ್ದ ಕಾರಣ ಸುವರ್ಣಮ್ಮ ಹೋಗಲಿಲ್ಲ. ಅವಳು ಹೋಗದೆ ಇದ್ದದ್ದೇ ಒಳ್ಳೆಯದಾಯಿತು. ಪುಟ್ಟ ಮಗಳು ಶ್ರಾವಣಿಯನ್ನು ಸ್ಫೂರ್ತಿಯ ಕೈಗೆ ಕೊಟ್ಟು, ಗಂಡನ ಸೊಂಟಕ್ಕೆ ತನ್ನ ಸೆರಗು ಗಂಟು ಹಾಕಿಕೊಂಡು ಶಶಿಕಲಾ ರೈಲು ಹತ್ತಿದಳು.

ಅಲ್ಲಿನ ಡಾಕ್ಟರಮ್ಮ ನಿಧಾನದ ಹೆಂಗಸು. ಕೊಟ್ರೇಶನ ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ನಾಲಿಗೆ ಹೊರಗೆ ಹಿಡಿಯಲು ಹೇಳಿದರು, ರಕ್ತ ತೆಗೆಸಿದರು. ಆಮೇಲೆ ಅದೇ ಪ್ರಶ್ನೆ ಬಂತು.

"ನಿಮ್ಮದು ಸಂಬಂಧದಲ್ಲಿ ಆದ ಮದುವೆನಾ?"

"ಅಲ್ರಿ. ನಾನು ಹೊರಗಿನಾಕಿ," ಅಂದಳು ಶಶಿಕಲಾ. ಕೇಳಿ ಕೇಳಿ ಅವಳ ಬಾಯಿಗೂ ಅದೇ ಮಾತು ಬಂದಿತ್ತು.

ಡಾಕ್ಟರಮ್ಮ ಸುಮ್ಮನಾಗಲಿಲ್ಲ. ಹಾಳೆಯ ಮೇಲೆ ಒಂದು ಚೌಕ ಬರೆದು, "ಇವರು ನಿಮ್ಮ ಯಜಮಾನರು. ಇವರ ಮೇಲೆ ತಂದೆ, ತಾಯಿ," ಎಂದು ಗೆರೆ ಎಳೆಯತೊಡಗಿದರು. "ಅತ್ತೆ ಮಾವ ಯಾವ ಊರು?"

"ಇಬ್ರೂ ಹೊಸಪೇಟಿ. ಒಂದೇ ಮನಿಯವರು. ಅತ್ತಿಯವರು ಗಂಡನ್ನ ಮಾಮ ಅಂತಿದ್ರು."

ಪೆನ್ನು ನಿಂತಿತು. "ಮಾಮ ಅಂದರೆ, ಪ್ರೀತಿಗೋ? ನಿಜವಾದ ಮಾವನೋ?"

"ನಿಜವಾದ ಮಾವ ರೀ. ಅವರ ತಾಯಿಯ ಸ್ವಂತ ತಮ್ಮ."

ಅಷ್ಟೇ. ಎರಡು ಊರಿನ ಡಾಕ್ಟರುಗಳಿಗೆ ಸಿಗದೆ ಹೋದದ್ದು ಆ ಒಂದು ಶಬ್ದದಲ್ಲಿ ಸಿಕ್ಕಿಬಿಟ್ಟಿತು.

ಡಾಕ್ಟರಮ್ಮ ಅವಳಿಗೆ ಸೂಕ್ಷ್ಮದರ್ಶಕದಲ್ಲಿ ಗಂಡನ ರಕ್ತ ತೋರಿಸಿದರು. ದುಂಡಗೆ, ನುಣ್ಣಗೆ ಇರಬೇಕಾದ ಕಣಗಳಲ್ಲಿ ಎಷ್ಟೋ ಕಣಗಳಿಗೆ ಮುಳ್ಳೆದ್ದಿತ್ತು, ದತ್ತೂರಿ ಕಾಯಿಗೆ ಇದ್ದ ಹಾಗೆ. ರೋಗಕ್ಕೆ ಕೊರಿಯಾ ಅಕ್ಯಾಂಥೊಸೈಟೋಸಿಸ್ ಎಂಬ ಉದ್ದನೆಯ ಹೆಸರಿತ್ತು. ರಕ್ತದಲ್ಲಿ ಮುಳ್ಳು, ನರಕ್ಕೂ ಮಾಂಸಖಂಡಕ್ಕೂ ಹಿಡಿತವಿಲ್ಲ. ಕುಡಿತವಲ್ಲ, ಕಾಲ್ಗುಣವಲ್ಲ. ಖಾತ್ರಿಗೆ ರಕ್ತವನ್ನು ಹೊರದೇಶಕ್ಕೆ ಕಳಿಸುತ್ತೇವೆ, ಆದರೆ ತಮಗೇನೂ ಅನುಮಾನವಿಲ್ಲ ಎಂದರು. ವಾಸಿಮಾಡುವ ಔಷಧಿ ಇಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು.

"ಪ್ರತಿಯೊಬ್ಬರಲ್ಲೂ ಪ್ರತಿಯೊಂದು ಗುಣಕ್ಕೂ ಎರಡೆರಡು ಪ್ರತಿ ಇರುತ್ತೆ ಅಮ್ಮ. ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ನಡೆಸಿಕೊಂಡು ಹೋಗುತ್ತೆ, ಗೊತ್ತೇ ಆಗಲ್ಲ. ಒಂದೇ ಮನೆಯಲ್ಲಿ ತಂದು ಕೊಟ್ಟರೆ, ಕೆಟ್ಟಿದ್ದೇ ಎರಡೂ ಕಡೆಯಿಂದ ಬಂದು ಸೇರಬಹುದು."

ಒಂದೇ ಡ್ಯಾಮಿನ ನೀರು ಎಡದಂಡೆ ಕಾಲುವೆಯಲ್ಲೂ ಬಲದಂಡೆ ಕಾಲುವೆಯಲ್ಲೂ ಹೋಗಿ, ಮತ್ತೆ ಒಂದೇ ಗದ್ದೆಗೆ ಬಿದ್ದ ಹಾಗೆ, ಎಂದು ಶಶಿಕಲಾ ತನ್ನಷ್ಟಕ್ಕೆ ಅಂದುಕೊಂಡಳು. ನೀರಿನಲ್ಲಿ ವಿಷವಿದ್ದರೆ ಗದ್ದೆ ಎಲ್ಲಿಗೆ ಓಡೀತು?

"ನನ್ನ ಮಗಳಿಗೆ?" ಎಂದು ಕೇಳಿದಳು.

"ಆಕೆ ಒಂದು ಕೆಟ್ಟ ಪ್ರತಿ ಇಟ್ಟುಕೊಂಡಿರ್ತಾಳೆ. ರೋಗ ಬರುತ್ತೆ ಅಂತ ಹೆದರೋ ಕಾರಣ ಇಲ್ಲ. ನೀವು ಹೊರಗಿನವರಲ್ಲವಾ, ನಿಮ್ಮ ಕಡೆಯಿಂದ ಒಳ್ಳೇದು ಹೋಗಿದೆ. ಮನೇಲಿ ಬೇರೆ ಗಂಡುಮಕ್ಕಳಿದ್ದಾರಾ?"

ಶಶಿಕಲಾ ಮೈದುನನ ಬಗ್ಗೆ ಹೇಳಿದಳು, ಶಾಸ್ತ್ರದ ಬಗ್ಗೆ ಹೇಳಿದಳು, ಸ್ಫೂರ್ತಿಯ ಬಗ್ಗೆ ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗನ ರಕ್ತ ಮೊದಲು ನೋಡಬೇಕು. ಆ ಹುಡುಗೀನ ಮಾತ್ರ ಅವನಿಗೆ ಕೊಡಬೇಡಿ ಅಂತ ಹೇಳಿ. ಅದೇ ಗೆರೆ ಮತ್ತೆ ಎಳೆದ ಹಾಗಾಗುತ್ತೆ."

ಹೊಸಪೇಟೆಗೆ ಬಂದವಳೇ ಶಶಿಕಲಾ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಜೀವಮಾನದಲ್ಲಿ ಆ ಮನೆಯಲ್ಲಿ ಅವಳು ಅಷ್ಟುದ್ದ ಮಾತಾಡಿರಲಿಲ್ಲ. ಕೊಟ್ರೇಶ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮಲ್ಲೇಶ ಪ್ಲಾಸ್ಟಿಕ್ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ, ಕತ್ತಿನ ಚೈನು ತಿರುವುತ್ತಾ ಕೇಳಿದ.

"ಮುಳ್ಳೇನ್ ಅತ್ತಿಗಿ? ರಕ್ತದಾಗ? ಗುಲಾಬಿನೂ ಬಿಟ್ಟಿತ್ತೇನು?"

"ನಗಬ್ಯಾಡ ಮಲ್ಲೇಶ. ಒಂದ್ಸಲ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಾ."

"ನಾನ್ಯಾಕ ಕೊಡ್ಲಿ? ನನ್ನ ಗಾಡಿ ರೋಡ್ ಮ್ಯಾಲೆ ನೆಟ್ಟಗ ಹೋಗ್ತಾವ." ಅವನು ತಾಯಿಯ ಕಡೆ ತಿರುಗಿದ. "ಬೇ, ವಾರಗಿತ್ತಿ ಬರೋದು ಈಕಿಗೆ ತಡಕೊಳ್ಳಾಕ ಆಗವಲ್ದು. ಅದಕ್ಕ ಡಾಕ್ಟರು, ಗೀಕ್ಟರು ಅಂತ ಕಥಿ ಕಟ್ಯಾಳ."

ಸುವರ್ಣಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆ ಎತ್ತಲಿಲ್ಲ. "ನಮ್ಮ ಮನಿ ರಕ್ತಕ್ಕ ಹೆಸರು ಇಡಾಕ ಕಂಪ್ಲಿಯಿಂದ ಬಂದೀಯೇನು? ನಿಮ್ಮಪ್ಪ ರೈಸ್‌ಮಿಲ್ಲಿನಾಗ ನುಚ್ಚು ಕೇರಿ ನಿನ್ನ ಸಾಕ್ಯಾನ. ನೀನು ರಕ್ತ ಕೇರಾಕ ಬಂದಿ."

ಶಶಿಕಲಾ ಅತ್ತೆಯನ್ನು ನೋಡಿದಳು. ಇಷ್ಟು ವರ್ಷ ಇವರಿಗೆ ಹೆದರಿದ್ದಳು. ಇವತ್ತು ಹೆದರಿಕೆ ಇದ್ದ ಜಾಗದಲ್ಲಿ ಇನ್ನೇನೋ ಬಂದು ಕುಳಿತಿತ್ತು. ಹೆತ್ತ ಮಗನಿಗೆ ವಾಸಿಯಾಗದ ರೋಗ ಎಂದು ಕೇಳಿದ ಮೇಲೂ ಇವರಿಗೆ ಮನೆತನವೇ ಮುಖ್ಯ. ಮಗ ಎಷ್ಟು ದಿನ ಬದುಕುತ್ತಾನೆ ಎಂದು ಒಬ್ಬರೂ ಕೇಳಲಿಲ್ಲ. ಇಂಥವರ ಮುಂದೆ ತಾನು ಇಷ್ಟು ದಿನ ತಲೆ ತಗ್ಗಿಸಿದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಆಗ್ಲಿ ಅತ್ತಿ," ಅಂದಳು. "ಶಾಸ್ತ್ರದ ದಿನ ಜನ ಕೂಡ್ತಾರಲ್ಲ, ಅವರ ಮುಂದ ಹೇಳ್ತೀನಿ. ನೀವು ಮಾವನವರಿಗೆ ಏನಾಗಬೇಕಿತ್ತು, ನಿಮ್ಮ ಮಗನ ರಕ್ತ ಹೆಂಗೈತಿ, ಎಲ್ಲಾ ಹೇಳ್ತೀನಿ. ಆಮ್ಯಾಲೆ ಹುಡುಗಿ ತಂದಿಗೆ ಬಿಟ್ಟಿದ್ದು."

ಶಾಸ್ತ್ರದ ಬೆಳಿಗ್ಗೆ ಶಾಮಿಯಾನ ಏಳುತ್ತಿರುವಾಗ ಸುವರ್ಣಮ್ಮ ಅವಳನ್ನು ಪೂಜೆಯ ಕೋಣೆಗೆ ಕರೆದು ಅಗಳಿ ಹಾಕಿದಳು. ಮರಿಸ್ವಾಮಿಯ ಫೋಟೊದ ಕೆಳಗೆ ಕುಳಿತಳು. ಶಶಿಕಲಾ ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳು.

"ಮಲ್ಲೇಶನ ದಿಂಬಿನ ಚೀಲ ಯಾರು ಒಗೀತಾರ, ಗೊತ್ತೇನು?" ಎಂದು ಕೇಳಿದಳು ಸುವರ್ಣಮ್ಮ.

"ಕೆಲಸದಾಕಿ."

"ನಾನು. ಆಕಿ ಕೈಗೆ ಕೊಡಂಗಿಲ್ಲ. ರಕ್ತ ಇರ್ತೈತಿ. ನಿದ್ದಿಯಾಗ ನಾಲಿಗಿ ಕಡ್ಕೊಂತಾನ... ಉಗಾದಿ ಆದಾಗಿಂದ."

ಹೊರಗೆ ಯಾರೋ ಮೈಕು ತಟ್ಟಿ ನೋಡುತ್ತಿದ್ದರು. ಹಾಗಾದರೆ ಈಕೆಗೆ ಗೊತ್ತಿತ್ತು. ಗೊತ್ತಿದ್ದೂ ಮೊಮ್ಮಗಳಿಗೆ ಸೀರೆ ಆರಿಸಿ ತಂದಿದ್ದಳು.

"ಗೊತ್ತಿದ್ದೂ ಸ್ಫೂರ್ತಿನ್ನ ತರಾಕ ಹೊಂಟಿದ್ರಿ?"

"ಮನಿ ಹುಡುಗಿ ಆದ್ರ ಮುಚ್ಕೊಂಡು ಬಾಳ್ತಾಳ ಅಂದ್ಕೊಂಡೆ. ಹೊರಗಿನವರು ನಿನ್ನಂಗ ಊರು ತುಂಬಾ ಹೇಳ್ತಾರ." ಸುವರ್ಣಮ್ಮನ ದನಿ ಒಡೆಯಿತು. "ಎರಡು ಗಂಡು ಹೆತ್ತೆ ಅಂತ ಎದಿ ಉಬ್ಬಿಸಿ ತಿರುಗಿದಾಕಿ ನಾನು. ಈಗ ನನ್ನ ಹೊಟ್ಟಿಯಾಗ ಮುಳ್ಳು ಬೆಳೀತು ಅಂತ ಊರ ಮುಂದ ಹೇಳಿಸ್ಕೊಳ್ಳೇನು? ಮಾಮನ ಹೆಸರು ಎತ್ತಿ ನಗ್ತಾರ... ಶಾಸ್ತ್ರ ನಾನೇ ಮುರೀತೀನಿ. ಹುಡುಗಿನ್ನ ಹೊರಗ ಕೊಡ್ತೀನಿ, ಸಂಬಂಧದ ಗಾಳಿ ಇಲ್ಲದ ಕಡೆ. ಮಾಮನ ಆಣಿ. ಆದ್ರ ರಕ್ತದ ಮಾತು ಹೊರಗ ಬರಬಾರ್ದು. ನೀನು ತಡದಿ ಅಂತ ಆಗ್ಲಿ. ಹೊಟ್ಟಿಕಿಚ್ಚಿಗೆ ತಡದಿ ಅಂತ."

ಪೂಜೆಯ ಕೋಣೆಯಲ್ಲಿ, ಗಂಡನ ಫೋಟೊದ ಕೆಳಗೆ ಕುಳಿತು ಅವಳು ಸೊಸೆಯಿಂದ ಕೇಳುತ್ತಿದ್ದದ್ದು ಒಂದು ಸುಳ್ಳನ್ನು. ಶಶಿಕಲಾಗೆ ಒಂದು ಕ್ಷಣ ಅವಳ ಮೇಲೆ ಕನಿಕರ ಬಂತು. ಮರುಕ್ಷಣವೇ ಆ ಕನಿಕರ ಒಣಗಿಹೋಯಿತು. ಇಲ್ಲ ಎಂದು ಬಾಗಿಲು ತೆಗೆದು ಹೊರಗೆ ಹೋಗಬಹುದಿತ್ತು. ಸತ್ಯ ಹೇಳಬಹುದಿತ್ತು. ಆದರೆ ಆ ಸತ್ಯವನ್ನು ಯಾರು ನಂಬುತ್ತಾರೆ? ಮಲ್ಲೇಶ ಗುಲಾಬಿಯ ಜೋಕು ಹೇಳುತ್ತಾನೆ, ಜನ ನಗುತ್ತಾರೆ, ಸ್ಫೂರ್ತಿಯ ತಲೆಗೆ ಹೂ ಏರುತ್ತದೆ. ನಂಬಿದರಂತೂ ಇನ್ನೂ ಕೆಟ್ಟದ್ದು. ಈ ಮನೆಯ ಮಗಳ ಮಗಳು ಎಂದು ಆ ಹುಡುಗಿಯನ್ನು ಯಾರೂ ಮುಟ್ಟುವುದಿಲ್ಲ. ಸುಳ್ಳಿಗಾದರೆ ಹುಡುಗಿ ಉಳಿಯುತ್ತಾಳೆ.

"ಆಗ್ಲಿ," ಅಂದಳು. "ನಿಮ್ಮ ಮರ್ಯಾದಿಗೆ ಅಂತ ಅನ್ಕೋಬ್ಯಾಡ್ರಿ ಅತ್ತಿ. ನಿಮ್ಮ ಮರ್ಯಾದಿ ನನಗ ಎಷ್ಟಾತು ಅಂತ ನಿಮಗ ಗೊತ್ತೈತಿ."

ಹೂವಿನ ತಟ್ಟೆ ಎದುರಿಗೆ ಬಂದಾಗ ಶಶಿಕಲಾ ಎದ್ದು ನಿಂತಳು. ಜನ ತುಂಬಿದ ಚಪ್ಪರ. ಮೈಕಿನವನೂ ಬಾಯಿ ತೆರೆದು ನೋಡುತ್ತಿದ್ದ. ಈ ಹುಡುಗಿ ಮನೆಗೆ ಬಂದರೆ ತಾನು ಡ್ಯಾಮಿಗೆ ಬೀಳುತ್ತೇನೆ ಎಂದಳು. ತನ್ನ ಗಂಡ ಹಿತ್ತಲಲ್ಲಿ ಉಣ್ಣುವಾಗ, ನಿನ್ನೆ ಮೊನ್ನೆ ಬಂದ ಹುಡುಗಿ ಒಡವೆ ಹೇರಿಕೊಂಡು ನಡುಮನೆಯಲ್ಲಿ ಮೆರೆಯುವುದನ್ನು ತಾನು ನೋಡಲಾರೆ ಎಂದಳು. ದನಿ ನಡುಗಲಿಲ್ಲ. ಸುವರ್ಣಮ್ಮ ಹಣೆ ಬಡಿದುಕೊಂಡು, "ಹೆಣ ಬೀಳೋ ಮನಿಗೆ ಮೊಮ್ಮಗಳನ್ನ ತರಂಗಿಲ್ಲ," ಎಂದು ತಟ್ಟೆಗೆ ಬಟ್ಟೆ ಮುಚ್ಚಿದಳು. ಚಪ್ಪರದ ತುಂಬ ಥೂ, ಛೀ ಎದ್ದಿತು. ಯಾರೋ "ಓದಿದ ಸೊಸಿನ್ನ ತಂದ್ರ ಇದೇ ಆಗೋದು" ಎಂದರು.

ಸ್ಫೂರ್ತಿ ಹಸೆಯ ಮಣೆಯಿಂದ ಇಳಿದು ಹತ್ತಿರ ಬಂದಳು. ಹೊಸ ಸೀರೆಯ ಮಡಿಕೆ ಇನ್ನೂ ಬಿಚ್ಚಿಕೊಂಡಿರಲಿಲ್ಲ.

"ಅತ್ತಿ... ನಾನು ನಿಮ್ಮ ಜೊತಿಗೆ ಇರಬೇಕು ಅಂತ ಈ ಮದುವಿಗೆ ಹೂಂ ಅಂದಿದ್ದೆ. ಗೊತ್ತೇನು ನಿಮಗ?"

ಶಶಿಕಲಾ ಬಾಯಿ ತೆರೆದಿದ್ದರೆ ಎಲ್ಲವೂ ಹೊರಗೆ ಬಂದುಬಿಡುತ್ತಿತ್ತು...

"ನೋಡ್ರಿ, ಇಷ್ಟು ದಿನ ಅಜ್ಜಿನೇ ಕೆಟ್ಟಾಕಿ ಅನ್ಕೊಂಡಿದ್ದೆ," ಎಂದು ಹುಡುಗಿ ಅಲ್ಲಿಂದ ಹೊರಟುಹೋದಳು.

ಅದೇ ಸಂಜೆ ಮಲ್ಲೇಶ ಅಣ್ಣನ ಹಾಸಿಗೆಯನ್ನು ಗೇಟಿನ ಹೊರಗೆ ಇಡಿಸಿದ. ಶಶಿಕಲಾ ಗಂಡನನ್ನೂ ಮಗಳನ್ನೂ ಕರೆದುಕೊಂಡು ಟಿ.ಬಿ. ಡ್ಯಾಂ ಕಡೆ ಒಂದು ಕೋಣೆ ಹಿಡಿದಳು. ಹಗಲು ಅದಿರು ತೂಗುವ ವೇಬ್ರಿಡ್ಜಿನಲ್ಲಿ ಟಿಪ್ಪರುಗಳ ಚೀಟಿ ಬರೆಯುವ ಕೆಲಸ. ಬೆಳಿಗ್ಗೆ ಸಂಜೆ ಗಂಡನಿಗೆ ತಲೆ ಹಿಂದಕ್ಕೆ ಮಾಡಿಸಿ, ಗಂಟಲಿಗೆ ಗಂಜಿ ಬಿಡುವುದು. ಕೊಟ್ರೇಶನ ಮಾತು ತೊದಲಿ ತೊದಲಿ ಕಡೆಗೆ ಅವಳೊಬ್ಬಳಿಗೇ ಅರ್ಥವಾಗುವ ಹಾಗಾಯಿತು. "ನೀನು... ಸುಳ್ಳು ಹೇಳಿದಿ," ಅಂದ ಒಂದು ದಿನ. "ಹೂಂ," ಅಂದಳು. ಅವನ ಕೆನ್ನೆ ಕುಣಿಯಿತು. ನಕ್ಕನೋ, ನರ ಎಳೆಯಿತೋ, ಅವಳು ಕೇಳಲಿಲ್ಲ.

ಸುವರ್ಣಮ್ಮ ಆಣೆ ಉಳಿಸಿಕೊಂಡಳು. ಸ್ಫೂರ್ತಿಯನ್ನು ಕೊಪ್ಪಳದ ಕಡೆ, ಹಿಂದೆ ಮುಂದೆ ಕೊಟ್ಟು ತಂದ ಬಳಕೆಯೇ ಇಲ್ಲದ ಮನೆತನಕ್ಕೆ ಕೊಟ್ಟಳು. ಮಲ್ಲೇಶ ಈಗ ಟಿಪ್ಪರು ಹತ್ತುವುದಿಲ್ಲವಂತೆ, ನಡೆಯುವಾಗ ಕಾಲು ಎಲ್ಲೋ ಬೀಳುತ್ತದಂತೆ. ಈ ಮಗನೂ ಕುಡಿತ ಕಲಿತ ಎಂದು ತಾಯಿಯೇ ಬೀದಿಯಲ್ಲಿ ಹೇಳಿಕೊಂಡು ಅಳುತ್ತಾಳಂತೆ. ರಕ್ತದ ಮಾತಿಗಿಂತ ಸಾರಾಯಿಯ ಮಾತು ಅವಳಿಗೆ ಸಲೀಸು.

ಒಂದು ಶ್ರಾವಣದ ಸೋಮವಾರ ಹೊಸಪೇಟೆಯ ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಶಶಿಕಲಾ ಸೊಪ್ಪು ಆರಿಸುತ್ತಿದ್ದಾಗ ಎದುರಿಗೆ ಸ್ಫೂರ್ತಿ ಬಂದಳು. ಪಕ್ಕದಲ್ಲಿ ಗಂಡ, ಕಂಕುಳಲ್ಲಿ ಮಗು. ಮಗು ತಾಯಿಯ ಕೈಯಿಂದ ಬಾಳೆಹಣ್ಣು ಕಸಿದು, ಗಬಗಬ ನುಂಗಿ, ಇನ್ನೂ ಬೇಕೆಂದು ಕೈ ಚಾಚಿತು. ತುತ್ತು ಹೊರಗೆ ಬರಲಿಲ್ಲ. ಶಶಿಕಲಾ ನೋಡುತ್ತಲೇ ನಿಂತಳು. ಸ್ಫೂರ್ತಿಯೂ ಅವಳನ್ನು ನೋಡಿದಳು, ಗುರುತು ಹಿಡಿದಳು. ಆ ಚೆಲುವಾದ ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಗಂಡನ ಕಿವಿಯಲ್ಲಿ ಏನೋ ಹೇಳಿ, ಮುಖ ತಿರುಗಿಸಿಕೊಂಡು ಮುಂದೆ ನಡೆದಳು.

ತಿರುಗಿಸಲಿ ಎಂದುಕೊಂಡಳು ಶಶಿಕಲಾ. ಸೊಟ್ಟಗಾಗುವ ಬಾಯಿಗಳನ್ನು ಅವಳು ದಿನಾ ನೋಡಿದವಳು. ಈ ತುಟಿಯನ್ನು ಸೊಟ್ಟ ಮಾಡಿದ್ದು ರೋಗವಲ್ಲ, ಬರೀ ತಿರಸ್ಕಾರ.